ಪಿಸ್ತೂಲು ಯಾರ ಕೈಯಲ್ಲಿದೆ? ಅರ್ಪಿತಾ ಸಿಂಗ್ ಚಿತ್ರಗಳನ್ನು ನೋಡುವ ಬಗೆ

ಚಿತ್ರಕಲೆ ಓದುವ ನಮಗೆಲ್ಲ ಒಂದು ಅಭ್ಯಾಸ ಇದೆ. ಕಮಲ ಕಂಡರೆ ‘ಪವಿತ್ರತೆ’ ಅಂತ ಬರೆಯುತ್ತೇವೆ, ಹಕ್ಕಿ ಕಂಡರೆ ‘ಸ್ವಾತಂತ್ರ್ಯ’. ಮೈಸೂರು ಶೈಲಿಯ ದೇವರ ಪಟಕ್ಕೆ ಇದು ನಡೆಯುತ್ತದೆ. ಲಕ್ಷ್ಮಿಯ ಕೈಯಲ್ಲಿ ಕಮಲ ಯಾಕಿದೆ ಅಂತ ಬರೆದವರಿಗೂ ನೋಡುವವರಿಗೂ ಮೊದಲೇ ಗೊತ್ತು. ಆದರೆ ಈಗಿನ ಕಲಾವಿದರು ಸ್ವಂತ ಬದುಕಿನಿಂದ ಎತ್ತಿಕೊಂಡ ವಸ್ತುಗಳನ್ನು ಗ್ಯಾಲರಿಯ ಗೋಡೆಗೆ ತಂದಾಗ ಈ ಸಿದ್ಧ ಅರ್ಥಗಳ ಪಟ್ಟಿ ಕೈಕೊಡುತ್ತದೆ. ನನಗೆ ಇದು ಸರಿಯಾಗಿ ಅರ್ಥವಾಗಿದ್ದು ಅರ್ಪಿತಾ ಸಿಂಗ್ ಅವರ ಚಿತ್ರಗಳನ್ನು ಓದುವಾಗ. ಆ ಟಿಪ್ಪಣಿಗಳನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಹಿನ್ನೆಲೆ, ಬೇಗ ಮುಗಿಸುತ್ತೇನೆ. ಹುಟ್ಟಿದ್ದು 1937ರಲ್ಲಿ, ಕೋಲ್ಕತ್ತಾ ಪಕ್ಕದ ಬಾರಾನಗರದಲ್ಲಿ. ತಂದೆ ತೀರಿಕೊಂಡಾಗ ಅವರಿನ್ನೂ ಚಿಕ್ಕ ಹುಡುಗಿ. ಆಮೇಲೆ ದೆಹಲಿಗೆ ಬಂದರು. 1950ರ ದಶಕದಲ್ಲಿ ದೆಹಲಿ ಪಾಲಿಟೆಕ್ನಿಕ್‌ನಲ್ಲಿ ಚಿತ್ರಕಲೆ ಕಲಿತರು. ಓದು ಮುಗಿದ ಮೇಲೆ ಸರ್ಕಾರದ ನೇಕಾರರ ಸೇವಾ ಕೇಂದ್ರದಲ್ಲಿ ಬಟ್ಟೆಯ ವಿನ್ಯಾಸ ಮಾಡುವ ಕೆಲಸ.

ಈ ಕೊನೆಯ ಮಾತನ್ನು ಅಡಿಗೆರೆ ಹಾಕಿ ಇಟ್ಟುಕೊಳ್ಳಿ. ಯಾಕೆಂದರೆ ಅವರ ಚಿತ್ರಗಳ ಕಟ್ಟಡ ನಿಂತಿರುವುದು ಬಟ್ಟೆಯ ಮೇಲೆ. ಬಂಗಾಳದ ಕಾಂತಾ ನೋಡಿದ್ದೀರಾ? ನಮ್ಮ ಕಡೆಯ ಕೌದಿಯ ಹಾಗೆಯೇ. ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ, ಸಣ್ಣ ಸಣ್ಣ ಹೊಲಿಗೆ ಹಾಕಿ ಮಾಡಿದ್ದು. ಅದರಲ್ಲಿ ಹೂವು, ಮೀನು, ಆನೆ, ಮನುಷ್ಯರು ಎಲ್ಲ ಒಟ್ಟಿಗೆ ತೇಲುತ್ತಿರುತ್ತವೆ. ಹತ್ತಿರ, ದೂರ ಅನ್ನುವ ಲೆಕ್ಕ ಇರುವುದಿಲ್ಲ. ಸುತ್ತ ಅಂಚು ಇರುತ್ತದೆ. ಅರ್ಪಿತಾ ಅವರ ಕ್ಯಾನ್ವಾಸಿನಲ್ಲೂ ಹೀಗೆಯೇ. ಕಾರು, ವಿಮಾನ, ಹೂವು, ಕುರ್ಚಿ, ಅಂಕಿಗಳು, ಅಕ್ಷರಗಳು, ವಯಸ್ಸಾಗುತ್ತಿರುವ ಹೆಂಗಸರು, ಸೂಟು ಹಾಕಿದ ಗಂಡಸರು, ಎಲ್ಲರಿಗೂ ಒಂದೇ ನೆಲ. 1970ರ ದಶಕದಲ್ಲಿ ಅವರು ಹಲವು ವರ್ಷ ಆಕಾರಗಳನ್ನೇ ಬಿಟ್ಟು ಬರೀ ಗೆರೆ, ಚುಕ್ಕಿಗಳಲ್ಲಿ ಕಪ್ಪು ಬಿಳುಪು ಚಿತ್ರ ಮಾಡಿದರು. ಆ ಹಾಳೆಗಳು ಹೊಲಿಗೆ ಹಾಕಿದ ಬಟ್ಟೆಯ ಹಾಗೆ ಕಾಣುತ್ತವೆ. ಮನುಷ್ಯರು ಮತ್ತೆ ಬಂದಾಗಲೂ ಹೊಲಿಗೆಯ ಆ ತಾಳ ಹೋಗಲಿಲ್ಲ.

ಈಗ ಪಿಸ್ತೂಲಿಗೆ ಬರೋಣ. 1990ರಲ್ಲಿ ಬಿಡಿಸಿದ ‘ದೇವಿ ಪಿಸ್ತೂಲ್ ವಾಲಿ’ಯಲ್ಲಿ ಬಿಳಿ ಸೀರೆಯ ಹೆಂಗಸೊಬ್ಬಳು ನಿಂತಿದ್ದಾಳೆ. ದುರ್ಗೆಯ ಹಾಗೆ ಅವಳಿಗೆ ಹಲವು ಕೈಗಳು. ಒಂದರಲ್ಲಿ ಪಿಸ್ತೂಲು. ಪಟ್ಟಿ ಹಿಡಿದು ಹೋದರೆ ಪಿಸ್ತೂಲು ಎಂದರೆ ‘ಹಿಂಸೆ’, ಅಲ್ಲಿಗೆ ಮುಗಿಯಿತು. ಆದರೆ ದೇವಿಯ ಕೈಯಲ್ಲಿ ಆಯುಧ ಇರುವುದು ನಮಗೆ ಹೊಸದಲ್ಲ ಅಲ್ವಾ? ನವರಾತ್ರಿಯಲ್ಲಿ ಅದನ್ನೇ ಪೂಜೆ ಮಾಡುತ್ತೇವೆ. ಹೊಸದು ಏನೆಂದರೆ, ದೇವಿಯ ಜಾಗಕ್ಕೆ ನಿತ್ಯ ಮನೆಯಲ್ಲಿ ಕಾಣುವಂಥ ಹೆಂಗಸು ಬಂದಿದ್ದಾಳೆ. ಅವಳ ಕೈಗೆ ಬಂದ ಕೂಡಲೇ ಪಿಸ್ತೂಲಿನ ಅರ್ಥ ಬದಲಾಗುತ್ತದೆ. ನನಗೆ ಅದು ಕಾವಲಿನ ಹಾಗೆ ಕಾಣುತ್ತದೆ.

ಮೂರು ವರ್ಷದ ನಂತರ, 1993ರಲ್ಲಿ, ‘ನನ್ನ ತಾಯಿ’ ಎಂಬ ತೈಲಚಿತ್ರ. ನಾನು ಜಾಸ್ತಿ ಹೊತ್ತು ಕೂತಿದ್ದು ಇದರ ಮುಂದೆ, ಪುಸ್ತಕದ ಪುಟದಲ್ಲೇ ಆದರೂ. ಅದು ಎಂಥ ಹೊತ್ತು ಅಂತ ನೆನಪಿಸಿಕೊಳ್ಳಿ. 1992ರ ಡಿಸೆಂಬರ್‌ನಲ್ಲಿ ಬಾಬ್ರಿ ಮಸೀದಿ ಕೆಡವಿದ ಮೇಲೆ ದೇಶದ ಹಲವು ಊರುಗಳಲ್ಲಿ ಗಲಭೆ ಎದ್ದಿತ್ತು. ಚಿತ್ರದಲ್ಲಿ ತಾಯಿ ಒಂದು ಬದಿಗೆ, ಎಲ್ಲರಿಗಿಂತ ದೊಡ್ಡದಾಗಿ ನಿಂತಿದ್ದಾರೆ. ಅವರ ಹಿಂದೆ ಬೀದಿ ಚೆಲ್ಲಾಪಿಲ್ಲಿಯಾಗಿದೆ. ಹೆಣಗಳು ಬಿದ್ದಿವೆ. ತಾಯಿ ಅಳುತ್ತಿಲ್ಲ, ಕೂಗುತ್ತಿಲ್ಲ, ಸುಮ್ನೆ ನಿಂತಿದ್ದಾರೆ. ಇಲ್ಲೂ ಬಿಳಿ ಸೀರೆಯೇ. ಆದರೆ ಕೈಯಲ್ಲಿ ಪಿಸ್ತೂಲಿಲ್ಲ. ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಬೆಳೆಸಿದ ತಾಯಿ ಎಂದು ಗೊತ್ತಿದ್ದರೆ ಆ ಬಿಳಿ ಬಣ್ಣ ಎದೆಗೆ ತಟ್ಟುತ್ತದೆ. ಗೊತ್ತಿಲ್ಲದಿದ್ದರೂ ಅವರ ಗಾತ್ರ ಸಾಕು. ಮಗಳಿಗೆ ಊರೆಲ್ಲ ಸುಟ್ಟರೂ ತಾಯಿಯೇ ದೊಡ್ಡದಾಗಿ ಕಾಣುವುದು.

2000ದ ನಂತರ ಅವರ ಚಿತ್ರಗಳಿಗೆ ನಕಾಶೆ ಬರುತ್ತದೆ, ದೆಹಲಿಯ ರಸ್ತೆಗಳು ಬರುತ್ತವೆ. ಆಗ ಬಂದೂಕು ಹಿಡಿದವರು ಗಂಡಸರು. 2006ರ ಒಂದು ದೊಡ್ಡ ಚಿತ್ರದ ಹೆಸರು ‘ಇಲ್ಲಿ ಇರುವುದೆಲ್ಲ’ ಎಂಬ ಅರ್ಥದ್ದು. ಮಹಾಭಾರತ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು ಅದು: ಇಲ್ಲಿರುವುದು ಬೇರೆಡೆಯೂ ಇರಬಹುದು, ಇಲ್ಲಿ ಇಲ್ಲದ್ದು ಎಲ್ಲೂ ಇಲ್ಲ. ಕುರುಕ್ಷೇತ್ರ ದೆಹಲಿಗೆ ಎಷ್ಟು ಹತ್ತಿರ ಎಂದು ಯೋಚಿಸಿದರೆ ಈ ನಕಾಶೆ ಸುಮ್ಮನೆ ಬಿಡಿಸಿದ್ದಲ್ಲ ಅಂತ ತಿಳಿಯುತ್ತದೆ.

ಇಷ್ಟು ಬರೆದ ಮೇಲೆ ನಾನು ನೋಟ್‌ಬುಕ್‌ನಲ್ಲಿ ‘ಪಿಸ್ತೂಲು ಎಂದರೆ’ ಅನ್ನುವ ಸಾಲು ಹೊಡೆದುಹಾಕಿ, ‘ಯಾವ ವರ್ಷ, ಯಾರ ಕೈಯಲ್ಲಿ, ಪಕ್ಕದಲ್ಲಿ ಏನು’ ಎಂದು ಮೂರು ಕಾಲಂ ಹಾಕಿದೆ. ಹೂವಿಗೂ ವಿಮಾನಕ್ಕೂ ಹೀಗೆ ಮಾಡಿ ನೋಡಿ. ಒಂದೇ ಚಿತ್ರದಿಂದ ಇದು ಸಾಧ್ಯವಿಲ್ಲ. ಅದಕ್ಕೇ ಏಕವ್ಯಕ್ತಿ ಪ್ರದರ್ಶನ ನಮ್ಮಂಥವರಿಗೆ ಅಷ್ಟು ಮುಖ್ಯ. 2019ರಲ್ಲಿ ದೆಹಲಿಯ ಕಿರಣ್ ನಾಡಾರ್ ಮ್ಯೂಸಿಯಂ ಅವರ ಇಡೀ ಬದುಕಿನ ಕೆಲಸವನ್ನು ಒಂದೆಡೆ ತೋರಿಸಿತು. 2025ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯಲ್ಲಿ ಸುಮಾರು 60 ವರ್ಷಗಳ ಚಿತ್ರಗಳು ಒಟ್ಟಿಗೆ ಬಂದವು. ಭಾರತದ ಹೊರಗೆ ಅಂಥ ದೊಡ್ಡ ಸಂಸ್ಥೆಯೊಂದರಲ್ಲಿ ಅದು ಅವರ ಮೊದಲ ಏಕವ್ಯಕ್ತಿ ಪ್ರದರ್ಶನ. ಆಗ ಅವರಿಗೆ 87 ದಾಟಿತ್ತು! ಇಷ್ಟು ತಡವಾಗಿ ಬಂತಲ್ಲ ಅಂತ ಸಂಕಟವೂ ಆಗುತ್ತದೆ.

ಊರಲ್ಲಿ ಯಾರದೇ ಪ್ರದರ್ಶನಕ್ಕೆ ಹೋದರೂ ಒಂದು ಕ್ರಮ ಇಟ್ಟುಕೊಳ್ಳಿ. ಲೇಬಲ್ ಕೊನೆಗೆ ಓದಿ. ಮೊದಲು ದೂರ ನಿಂತು ಯಾರು ದೊಡ್ಡವರು, ಯಾರು ಸಣ್ಣವರು ನೋಡಿ. ಆಮೇಲೆ ಹತ್ತಿರ ಹೋಗಿ ಅಂಚಿನ ಉದ್ದಕ್ಕೂ ಕಣ್ಣು ಓಡಿಸಿ. ಅರ್ಪಿತಾ ಅವರಂಥವರ ಚಿತ್ರವಾದರೆ ಅಂಚಿನಲ್ಲೇ ಅಂಕಿಯೋ ಅರ್ಧ ಅಳಿಸಿದ ಪದವೋ ಸಿಗುತ್ತದೆ. ಕೋಣೆ ಪೂರ್ತಿ ಸುತ್ತಿ ಬಂದ ಮೇಲೆ, ಮೊದಲ ಚಿತ್ರದ ಮುಂದೆ ಇನ್ನೊಮ್ಮೆ ನಿಲ್ಲಿ. ಅಷ್ಟು ಹೊತ್ತಿಗೆ ಅದರಲ್ಲಿರುವ ಕುರ್ಚಿಯನ್ನು ನೀವು ಇನ್ನೆಲ್ಲೋ ಕಂಡಿರುತ್ತೀರಿ.