1_25_000: ಲ್ಯಾಪ್‌ಟಾಪ್‌ನಲ್ಲಿ ಸಂಖ್ಯೆ, ಹಳೆ ಕಂಪ್ಯೂಟರ್‌ನಲ್ಲಿ ಎರರ್, ಯಾಕೆ?

ಪ್ರಶ್ನೆ: ಸರ್, ನಮ್ಮ ಕಾಫಿ ತೋಟದ ಲೆಕ್ಕಕ್ಕೆ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಸೊನ್ನೆ ಎಣಿಸಿ ಎಣಿಸಿ ಸಾಕಾಗಿ, 1,25,000 ಅನ್ನುವುದನ್ನು 1_25_000 ಅಂತ ಬರೆದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಅದೇ ಫೈಲನ್ನು ಮನೆಯ ಹಳೆ ಎಕ್ಸ್‌ಪಿ ಕಂಪ್ಯೂಟರ್‌ಗೆ ಹಾಕಿದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಇನ್ನು _125000 ಅಂತ ಬರೆದರೆ ಲ್ಯಾಪ್‌ಟಾಪ್ ಕೂಡ ಒಪ್ಪುವುದಿಲ್ಲ. ಒಂದು ಅಡ್ಡಗೆರೆಗೆ ಯಾಕಿಷ್ಟು ರಗಳೆ? (ಗೋಣಿಕೊಪ್ಪಲಿನ ಒಬ್ಬ ವಿದ್ಯಾರ್ಥಿ)

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸಂಖ್ಯೆಯ ನಡುವಿನ ಅಂಡರ್‌ಸ್ಕೋರನ್ನು (ನೀವು ಹೇಳಿದ ಅಡ್ಡಗೆರೆ, _) ಪೈಥಾನ್ ಒಪ್ಪಲು ಶುರು ಮಾಡಿದ್ದು 3.6ರಿಂದ, 2016ರ ಡಿಸೆಂಬರ್‌ನಲ್ಲಿ. ವಿಂಡೋಸ್ ಎಕ್ಸ್‌ಪಿಗೆ ಸಿಗುವ ಕೊನೆಯ ಪೈಥಾನ್ 3.4. ಹಾಗಾಗಿ ನಿಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಆ ಸೌಲಭ್ಯ ಇರಲು ಸಾಧ್ಯವೇ ಇಲ್ಲ.

ಆದರೆ "ಅದು ಹಳೆಯದು, ಅದಕ್ಕೆ ಗೊತ್ತಿಲ್ಲ" ಅಂದರೆ ಅರ್ಧ ಉತ್ತರವಾಯಿತು. ಹಳೆ ಪೈಥಾನ್ ಆ ಸಾಲನ್ನು ಹೇಗೆ ಓದಿತು ಅಂತ ಹತ್ತಿರದಿಂದ ನೋಡಿದರೆ ನಿಮ್ಮ _125000ದ ಅನುಮಾನವೂ ಜೊತೆಗೇ ಬಗೆಹರಿಯುತ್ತದೆ.

ನಾವು ಬರೆದ ಕೋಡ್ ಕಂಪ್ಯೂಟರ್‌ಗೆ ಮೊದಲು ಬರೀ ಅಕ್ಷರಗಳ ಸಾಲು. ಅದನ್ನು ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರವಾಗಿ ಓದಿ ತುಂಡು ಮಾಡುವ ಭಾಗಕ್ಕೆ ಸ್ಕ್ಯಾನರ್ ಅನ್ನುತ್ತಾರೆ. ಲೆಕ್ಸರ್ ಅಂತಲೂ ಕರೆಯುತ್ತಾರೆ. ಒಂದೊಂದು ತುಂಡಿಗೂ ಟೋಕನ್ ಅಂತ ಹೆಸರು. ಆ ಟೋಕನ್‌ಗಳು ಸರಿಯಾಗಿ ಕೂಡಿ ಬರುತ್ತವಾ ಅಂತ ನೋಡುವುದು ಆಮೇಲಿನ ಕೆಲಸ, ಅದು ಪಾರ್ಸರ್‌ದು. ಸ್ಕ್ಯಾನರ್‌ನ ಕೆಲಸ ತುಂಬಾ ಸರಳ. ಮೊದಲ ಅಕ್ಷರ ನೋಡಿ ಇದು ಸಂಖ್ಯೆಯೋ, ಹೆಸರೋ, ಗುರುತೋ ಅಂತ ತೀರ್ಮಾನಿಸುತ್ತದೆ. ಆಮೇಲೆ ಆ ಬಗೆಗೆ ಹೊಂದುವ ಅಕ್ಷರ ಸಿಗುತ್ತಿರುವಷ್ಟು ಹೊತ್ತೂ ಎಳೆದುಕೊಳ್ಳುತ್ತಾ ಹೋಗುತ್ತದೆ. ಹೊಂದದ ಅಕ್ಷರ ಬಂದ ತಕ್ಷಣ ಅಲ್ಲಿಗೆ ಕತ್ತರಿಸುತ್ತದೆ.

ಈಗ ಹಳೆ ಪೈಥಾನ್ 1_25_000 ಓದುವುದನ್ನು ನೋಡೋಣ. ಮೊದಲು 1 ಸಿಕ್ಕಿತು. ಅಂಕಿ, ಹಾಗಾದರೆ ಸಂಖ್ಯೆ. ಮುಂದಿನದು ಅಂಡರ್‌ಸ್ಕೋರ್. ಹಳೆ ನಿಯಮದ ಪ್ರಕಾರ ಅದು ಸಂಖ್ಯೆಯ ಒಳಗೆ ಬರುವ ಹಾಗಿಲ್ಲ. ಸಂಖ್ಯೆ ಅಲ್ಲಿಗೆ ಮುಗಿಯಿತು, ಮೊದಲ ಟೋಕನ್ 1. ಹೊಸ ಟೋಕನ್ ಅಂಡರ್‌ಸ್ಕೋರ್‌ನಿಂದ ಶುರುವಾಗುತ್ತಿದೆ. ಅಂಡರ್‌ಸ್ಕೋರ್‌ನಿಂದ ಶುರುವಾಗುವುದು ಹೆಸರು ಮಾತ್ರ, ವೇರಿಯೆಬಲ್‌ಗೆ ಇಡುತ್ತೇವಲ್ಲ, ಆ ಹೆಸರು. ಹೆಸರಿನೊಳಗೆ ಅಂಕಿಯೂ ಬರಬಹುದು, ಅಂಡರ್‌ಸ್ಕೋರೂ ಬರಬಹುದು. ಹಾಗಾಗಿ ಎರಡನೇ ಟೋಕನ್ _25_000. ಸ್ಕ್ಯಾನರ್‌ಗೆ ಇಲ್ಲಿ ಯಾವ ತಕರಾರೂ ಇಲ್ಲ. ಒಂದು ಸಂಖ್ಯೆ, ಒಂದು ಹೆಸರು, ಎರಡನ್ನೂ ಪಾರ್ಸರ್ ಕೈಗೆ ಕೊಟ್ಟಿತು. ಎಡವಿದ್ದು ಪಾರ್ಸರ್. ಕೂಡಿಸುವ ಗುರುತಿಲ್ಲ, ಗುಣಿಸುವ ಗುರುತಿಲ್ಲ, ಸಂಖ್ಯೆಯ ಬೆನ್ನಿಗೇ ಹೆಸರು ಬಂದರೆ ಏನು ಅರ್ಥ ಮಾಡುವುದು? ನಿಮಗೆ ಕಂಡ ಸಿಂಟ್ಯಾಕ್ಸ್ ಎರರ್ ಹುಟ್ಟಿದ್ದು ಇಲ್ಲಿ.

_125000 ಕಥೆಯೂ ಇದೇ. ಮೊದಲ ಅಕ್ಷರವೇ ಅಂಡರ್‌ಸ್ಕೋರ್, ಹಾಗಾಗಿ ಅದು ಹೆಸರು. ಲ್ಯಾಪ್‌ಟಾಪ್ ಕೊಟ್ಟ ಎರರನ್ನು ಇನ್ನೊಮ್ಮೆ ಓದಿ ನೋಡಿ, ಅದು ಸಿಂಟ್ಯಾಕ್ಸ್ ಎರರ್ ಆಗಿರುವುದಿಲ್ಲ. ಈ ಹೆಸರಿನ ವೇರಿಯೆಬಲ್ ಎಲ್ಲೂ ಇಲ್ಲ ಅನ್ನುವ ನೇಮ್ ಎರರ್ ಆಗಿರುತ್ತದೆ. _125000 = 5 ಅಂತ ಬರೆದರೆ ಪೈಥಾನ್ ಸುಮ್ನೆ ಒಪ್ಪಿಕೊಳ್ಳುತ್ತದೆ.

ಹಾಗಾದರೆ ನಮಗೆ ರೂಢಿ ಇರುವ ಅಲ್ಪವಿರಾಮವನ್ನೇ ಬಳಸಬಾರದಿತ್ತಾ? ಆಗುತ್ತಿರಲಿಲ್ಲ. ಆ ಗುರುತಿಗೆ ಮೊದಲಿನಿಂದಲೂ ಬೇರೆ ಕೆಲಸ ಇದೆ. ಪೈಥಾನ್ 3ರಲ್ಲಿ ಬೆಲೆ = 1,25,000 ಅಂತ ಬರೆದು ನೋಡಿ. ಎರರ್ ಬರುವುದಿಲ್ಲ, ಆದರೆ ಬೆಲೆಯೊಳಗೆ ಕೂರುವುದು ಮೂರು ಬಿಡಿ ಸಂಖ್ಯೆಗಳ ಗುಂಪು: 1, 25, 0. ಅದೇ 1,05,000 ಅಂತ ಬರೆದರೆ ಎರರ್, ಯಾಕೆಂದರೆ 05 ಥರ ಸೊನ್ನೆಯಿಂದ ಶುರುವಾಗಿ ಆಮೇಲೆ ಬೇರೆ ಅಂಕಿ ಬರುವ ಸಂಖ್ಯೆಯನ್ನು ಪೈಥಾನ್ 3 ಒಪ್ಪುವುದಿಲ್ಲ (000 ಥರ ಬರೀ ಸೊನ್ನೆಯಾದರೆ ಒಪ್ಪುತ್ತದೆ). ಒಂದು ಮೊತ್ತಕ್ಕೆ ಎರರ್ ಬಂದು ಇನ್ನೊಂದಕ್ಕೆ ಬರದಿದ್ದರೆ ಕಲಿಯುವವರು ಎಷ್ಟು ಒದ್ದಾಡಬೇಕು ಯೋಚಿಸಿ.

ಅಂದಹಾಗೆ ಬೆಲೆ ಅಂತ ಕನ್ನಡದಲ್ಲೇ ಬರೆದದ್ದು ಬರೀ ವಿವರಣೆಗಲ್ಲ. ಪೈಥಾನ್ 3 ಕನ್ನಡ ಹೆಸರನ್ನು ನಿಜವಾಗಿಯೂ ಒಪ್ಪುತ್ತದೆ. ಗೋ ಅನ್ನುವ ಭಾಷೆ ಬೆಲೆ ಅನ್ನುವ ಹೆಸರನ್ನು ಒಪ್ಪುವುದಿಲ್ಲ. ಅದರ ಸ್ಕ್ಯಾನರ್‌ಗೆ ಹೆಸರು ಅಂದರೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಅಷ್ಟೇ. ಕೊಂಬು, ಏತ್ವಗಳನ್ನು ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳನ್ನು ಕಂಪ್ಯೂಟರ್‌ಗೆ ಪಟ್ಟಿ ಮಾಡಿಕೊಡುವ ವ್ಯವಸ್ಥೆ) ಅಕ್ಷರದ ಪಟ್ಟಿಯಲ್ಲಿ ಇಡದೆ, ಅಕ್ಷರಕ್ಕೆ ಸೇರುವ ಗುರುತುಗಳ ಪಟ್ಟಿಯಲ್ಲಿ ಇಟ್ಟಿದೆ. ಹಾಗಾಗಿ 'ಬ' ದಾಟಿದ ಕೂಡಲೇ ಗೋ ನಿಂತುಬಿಡುತ್ತದೆ. ನನಗೆ ಇದು ಬೇಸರದ ವಿಷಯ. ಸ್ಕ್ಯಾನರ್‌ನ ಒಂದು ಸಣ್ಣ ನಿಯಮ ಒಂದಿಡೀ ಲಿಪಿಯನ್ನು ಹೊರಗೆ ನಿಲ್ಲಿಸಬಲ್ಲದು.

ಈಗ ಹಿಂದಿನ ಕೋಡ್ ಕೆಡದ ಹಾಗೆ ಹೊಸ ನಿಯಮ ತರುವ ಮಾತು. ನಮ್ಮ ಕಡೆ ಕಾಫಿ ತೋಟಗಳ ನಡುವೆ ಕಾಲುದಾರಿ ಇರುತ್ತದೆ. ಪಕ್ಕದ ಮನೆಯವರು, ಲೈನ್ ಮನೆಯವರು ದಿನಾ ನಡೆಯುವ ದಾರಿ. ತೋಟ ನಮ್ಮದೇ ಆದರೂ ಆ ದಾರಿಯ ಮೇಲೆ ಗಿಡ ನೆಡುವ ಹಾಗಿಲ್ಲ. ಯಾರೂ ಕಾಲಿಡದ ಮೂಲೆಯಲ್ಲಿ ನೆಟ್ಟರೆ ಯಾರಿಗೂ ತೊಂದರೆಯಿಲ್ಲ. ಪೈಥಾನ್‌ನಲ್ಲಿ 1_25_000 ಅಂಥ ಮೂಲೆ. ಅಲ್ಲಿಯವರೆಗೆ ಹಾಗೆ ಬರೆದ ಯಾವ ಪ್ರೋಗ್ರಾಮೂ ಓಡುತ್ತಿರಲಿಲ್ಲ. ಓಡದ ಕೋಡ್‌ಗೆ ಹೊಸ ಅರ್ಥ ಕೊಟ್ಟರೆ ಓಡುವ ಕೋಡ್ ಕೆಡುವುದಿಲ್ಲ. _125000 ಮಾತ್ರ ನಡೆಯುವ ದಾರಿ. ಅಂಥ ಹೆಸರು ಇಟ್ಟುಕೊಂಡ ಕೋಡ್ ಎಲ್ಲೋ ಓಡುತ್ತಿರಬಹುದು. ಅದನ್ನು ಮುಟ್ಟಬಾರದು, ಮುಟ್ಟಲೂ ಇಲ್ಲ. ಜಾವಾ 2011ರಲ್ಲಿ ತನ್ನ 7ನೇ ಆವೃತ್ತಿಯಲ್ಲಿ ಇದನ್ನು ತಂದಾಗಲೂ, ಗೋ 2019ರಲ್ಲಿ 1.13ರಲ್ಲಿ ತಂದಾಗಲೂ ಅಂಡರ್‌ಸ್ಕೋರ್ ಸಂಖ್ಯೆಯ ತಲೆಯಲ್ಲಿ ಇರುವ ಹಾಗಿಲ್ಲ ಅಂತಲೇ ಇಟ್ಟರು. ಏಡಾ ಭಾಷೆಯಲ್ಲಂತೂ 1983ರಿಂದಲೇ ಇದು ಇತ್ತು, ಮೊದಲಿನಿಂದ ಇದ್ದುದರಿಂದ ಅದಕ್ಕೆ ಈ ಚಿಂತೆಯೇ ಬರಲಿಲ್ಲ.

ಎಲ್ಲರಿಗೂ ಆ ಮೂಲೆ ಖಾಲಿ ಸಿಗಲಿಲ್ಲ. ಹ್ಯಾಸ್ಕೆಲ್ ಭಾಷೆಯಲ್ಲಿ ಫಂಕ್ಷನ್‌ಗೆ (ಕೊಟ್ಟದ್ದರ ಮೇಲೆ ಒಂದು ಕೆಲಸ ಮಾಡುವ ಕೋಡ್ ತುಂಡಿಗೆ) ಬೆಲೆ, ಅಂದರೆ ವ್ಯಾಲ್ಯೂ, ಕೊಡುವಾಗ ಆವರಣವೂ ಬೇಡ, ಅಲ್ಪವಿರಾಮವೂ ಬೇಡ, ಪಕ್ಕಪಕ್ಕದಲ್ಲಿ ಬರೆದರೆ ಸಾಕು. ಅಲ್ಲಿ ಫಂಕ್ಷನ್ ಹೆಸರಿನ ಮುಂದೆ 1_000 ಅಂತ ಬರೆದು ಆ ಫಂಕ್ಷನ್ ಏನು ಮಾಡಬೇಕು ಅಂತ ವಿವರಿಸಿದರೆ, ಹಳೆ ಸ್ಕ್ಯಾನರ್ ಅದನ್ನು 1 ಮತ್ತು _000 ಅಂತ ಎರಡಾಗಿ ಕತ್ತರಿಸುತ್ತದೆ. ಪಾರ್ಸರ್ ಕೂಡ ಖುಷಿಯಾಗಿ ಒಪ್ಪುತ್ತದೆ: ಎರಡು ಬೆಲೆ ತೆಗೆದುಕೊಳ್ಳುವ ಫಂಕ್ಷನ್, ಮೊದಲನೆಯದು 1, ಎರಡನೆಯದು _000 ಅನ್ನುವ ಹೆಸರಿನದು. ಹೊಸ ನಿಯಮ ಬಂದರೆ ಅದೇ ಸಾಲು ಸಾವಿರ ಅನ್ನುವ ಒಂದೇ ಬೆಲೆ ತೆಗೆದುಕೊಳ್ಳುವ ಫಂಕ್ಷನ್ ಆಗಿಬಿಡುತ್ತದೆ. ಅಷ್ಟು ವಿಚಿತ್ರವಾಗಿ ಯಾರೂ ಬರೆದಿರಲಿಕ್ಕಿಲ್ಲ. ಆದರೂ ಅದರ ಮುಖ್ಯ ಕಂಪೈಲರ್ (ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ಪ್ರೋಗ್ರಾಂ) ಆದ ಜಿಎಚ್‌ಸಿ 2018ರಲ್ಲಿ ಇದನ್ನು ತಂದಾಗ, ಬೇಕು ಅಂದವರು ತಾವೇ ಹಚ್ಚಿಕೊಳ್ಳುವ ಸ್ವಿಚ್ ಆಗಿ ಇಟ್ಟಿತು. ಆ ಎಚ್ಚರ ನನಗೆ ತುಂಬಾ ಇಷ್ಟ.

ಸಿ ಪ್ಲಸ್ ಪ್ಲಸ್ ಬೇರೆ ದಾರಿ ಹಿಡಿಯಿತು. ಅದರ 2011ರ ಆವೃತ್ತಿಯಲ್ಲಿ ಸಂಖ್ಯೆಗೆ ನಮ್ಮದೇ ಬಾಲ ಅಂಟಿಸುವ ಸೌಲಭ್ಯ ಬಂದಿತ್ತು, ಕಿಲೋಮೀಟರ್‌ಗೆ ಒಂದು, ಸೆಲ್ಸಿಯಸ್‌ಗೆ ಒಂದು, ಹೀಗೆ. ನಾವು ಮಾಡಿಕೊಳ್ಳುವ ಬಾಲ ಅಂಡರ್‌ಸ್ಕೋರ್‌ನಿಂದಲೇ ಶುರುವಾಗಬೇಕು ಅಂತ ನಿಯಮ. ಈಗ ತೊಂದರೆ ನೋಡಿ. ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಆಧಾರದ, ಸಂಖ್ಯೆಯಲ್ಲಿ ಎ ಇಂದ ಎಫ್‌ವರೆಗಿನ ಅಕ್ಷರಗಳೂ ಅಂಕಿಗಳೇ. ಅಂಥ ಸಂಖ್ಯೆಯ ಕೊನೆಗೆ _ಸಿ ಅಂತ ಬಂದರೆ ಅದು ಸೆಲ್ಸಿಯಸ್ ಬಾಲವೋ, ಸಂಖ್ಯೆಯ ಕೊನೆಯ ಅಂಕಿಯೋ? ಸ್ಕ್ಯಾನರ್‌ಗೆ ತಿಳಿಯುವ ದಾರಿಯೇ ಇಲ್ಲ. ಹಾಗಾಗಿ 2014ರಲ್ಲಿ ಅಂಕಿ ಬಿಡಿಸಲು ಅವರು ಒಂಟಿ ಕೊಟೇಷನ್ ಗುರುತು ಆರಿಸಿದರು: 1'25'000. ಸಿ ಭಾಷೆಯೂ ಸಿ23 ಆವೃತ್ತಿಯಲ್ಲಿ ಅದನ್ನೇ ತೆಗೆದುಕೊಂಡಿತು.

ಇನ್ನು ನಡೆಯುವ ದಾರಿಯನ್ನೇ ಬದಲಿಸಬೇಕಾದರೆ? ಅದಕ್ಕೆ ಜಾವಾ ಉದಾಹರಣೆ. ಅಲ್ಲಿ ಒಂಟಿ ಅಂಡರ್‌ಸ್ಕೋರ್, ಬರೀ _ ಕೂಡ, ಸರಿಯಾದ ವೇರಿಯೆಬಲ್ ಹೆಸರಾಗಿತ್ತು. 2014ರ ಜಾವಾ 8 ಅದನ್ನು ಬಳಸಿದರೆ ಎಚ್ಚರಿಕೆ ಕೊಡಲು ಶುರು ಮಾಡಿತು. 2017ರ ಜಾವಾ 9ರಲ್ಲಿ ಅದು ಪೂರ್ತಿ ಎರರ್ ಆಯಿತು. 2024ರ ಜಾವಾ 22ರಲ್ಲಿ ಅದೇ ಗುರುತಿಗೆ ಹೊಸ ಅರ್ಥ ಬಂತು, 'ಈ ಬೆಲೆ ನನಗೆ ಬೇಡ, ಹೆಸರಿಡಲ್ಲ' ಅಂತ. ಒಂದೇ ಒಂದು ಅಕ್ಷರವನ್ನು ಜನರ ಕೋಡ್‌ನಿಂದ ಬಿಡಿಸಿಕೊಳ್ಳಲು ಹತ್ತು ವರ್ಷ.

ನೀವು ಕೇಳದ ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕು, ಯಾಕೆಂದರೆ ನಾನು ಅದರಲ್ಲಿ ಪೆಟ್ಟು ತಿಂದಿದ್ದೇನೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಕೋಡ್‌ನಲ್ಲಿ ಬರೆದ ಸಂಖ್ಯೆಗೆ. ಫೈಲ್‌ನಿಂದ ಓದಿದ, ಯಾರೋ ಟೈಪ್ ಮಾಡಿದ ಸಂಖ್ಯೆ ಈ ಸ್ಕ್ಯಾನರ್ ಹತ್ತಿರ ಬರುವುದೇ ಇಲ್ಲ. ಅದು ಬರೀ ಪಠ್ಯ. ಅದನ್ನು ಸಂಖ್ಯೆ ಮಾಡಲು ಬೇರೆ ಫಂಕ್ಷನ್ ಇರುತ್ತದೆ, ಅದರ ನಿಯಮವೂ ಬೇರೆ.

ಕೆಲವು ವರ್ಷಗಳ ಹಿಂದೆ ನಾಪೋಕ್ಲಿನ ಚಿಕ್ಕಪ್ಪನಿಗೆ ಒಂದು ಲೆಕ್ಕದ ಪುಟ ಮಾಡಿಕೊಟ್ಟಿದ್ದೆ, ಜಾವಾಸ್ಕ್ರಿಪ್ಟ್‌ನಲ್ಲಿ. ರೊಬಸ್ಟಾ ಚೆರಿ 50 ಕೆಜಿ ಚೀಲದ ಲೆಕ್ಕದಲ್ಲಿ ಮಾರುವುದಲ್ವಾ, ಎಷ್ಟು ಚೀಲ ಅಂತ ಹಾಕಿದರೆ ಮೊತ್ತ ಬರಬೇಕು. ಚೀಲದ ದರವನ್ನು ನಾನೇ ಒಂದು ಸೆಟ್ಟಿಂಗ್ ಫೈಲ್‌ನಲ್ಲಿ ಬರೆದಿಟ್ಟಿದ್ದೆ. ಕೋಡ್ ಬರೆಯುವ ಅಭ್ಯಾಸದಲ್ಲಿ ಕೈ 10_500 ಅಂತ ಬರೆದುಬಿಟ್ಟಿತ್ತು. ಸಂಜೆ ಚಿಕ್ಕಪ್ಪನ ಫೋನ್: "ಮಗಾ, 48 ಚೀಲಕ್ಕೆ 480 ರೂಪಾಯಿ ಅಂತ ತೋರಿಸ್ತಾ ಇದೆ. ಏನಾಗಿದೆ ನೋಡು." ಬರಬೇಕಾಗಿದ್ದದ್ದು 5,04,000. ಪಠ್ಯವನ್ನು ಸಂಖ್ಯೆ ಮಾಡುವ ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್ ಫಂಕ್ಷನ್ ಎಡದಿಂದ ಅಂಕಿ ಓದುತ್ತಾ ಬಂದು, ಅಂಡರ್‌ಸ್ಕೋರ್ ಕಂಡಲ್ಲಿ ನಿಂತು, 10 ಅಂತ ಕೊಟ್ಟಿತ್ತು. ಎರರೂ ಇಲ್ಲ, ಎಚ್ಚರಿಕೆಯೂ ಇಲ್ಲ. ಮೊತ್ತ ಅಷ್ಟು ಕಮ್ಮಿ ಇದ್ದುದರಿಂದ ಗೊತ್ತಾಯಿತು. ಸ್ವಲ್ಪ ಮಾತ್ರ ವ್ಯತ್ಯಾಸ ಬಂದಿದ್ದರೆ ಚಿಕ್ಕಪ್ಪ ಆ ಲೆಕ್ಕವನ್ನೇ ನಂಬಿಕೊಂಡು ಮಾರಾಟ ಮುಗಿಸುತ್ತಿದ್ದರು.

ಇದೂ ಹಳೆ ಕೋಡ್ ಕಾಪಾಡುವ ವಿಚಾರವೇ. ಜಾವಾಸ್ಕ್ರಿಪ್ಟ್ ಕೋಡ್‌ನೊಳಗೆ 10_500 ಒಪ್ಪಿದ್ದು 2021ರ ಆವೃತ್ತಿಯಿಂದ. ಆದರೆ ಪಠ್ಯ ಓದುವ ಹಳೆ ಫಂಕ್ಷನ್‌ಗಳನ್ನು ಮುಟ್ಟಲಿಲ್ಲ. ಅವುಗಳ ಉತ್ತರ ನೋಡಿ 'ಇದು ಸಂಖ್ಯೆಯಲ್ಲ' ಅಂತ ತೀರ್ಮಾನಿಸುವ ಪುಟಗಳು ಲೆಕ್ಕವಿಲ್ಲದಷ್ಟಿವೆ. ಜಾವಾದ ಪಾರ್ಸ್‌ಇಂಟ್ ಕೂಡ ಅಂಡರ್‌ಸ್ಕೋರ್ ಒಪ್ಪುವುದಿಲ್ಲ, ಆದರೆ ಅದು ಜೋರಾಗಿ ಎರರ್ ಕೊಡುತ್ತದೆ, ಅದು ಎಷ್ಟೋ ವಾಸಿ. ಗೋ ಭಾಷೆಯ ಪಾರ್ಸ್‌ಇಂಟ್ ನಡುದಾರಿ ಹಿಡಿದಿದೆ: ಎಷ್ಟನೇ ಆಧಾರದ ಸಂಖ್ಯೆ (ಹತ್ತರದೋ, ಹದಿನಾರರದೋ) ಅನ್ನುವ ಜಾಗದಲ್ಲಿ 0 ಕೊಟ್ಟರೆ ಮಾತ್ರ ಅಂಡರ್‌ಸ್ಕೋರ್ ಒಪ್ಪುತ್ತದೆ, 10 ಕೊಟ್ಟರೆ ಒಪ್ಪುವುದಿಲ್ಲ. ಪೈಥಾನ್ ಮಾತ್ರ 3.6ರಲ್ಲಿ ಪಠ್ಯಕ್ಕೂ ಬಾಗಿಲು ತೆರೆಯಿತು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಂಟ್ ಫಂಕ್ಷನ್‌ಗೆ "1_25_000" ಕೊಟ್ಟರೆ 125000 ಬರುತ್ತದೆ, ಹಳೆಯದರಲ್ಲಿ ವ್ಯಾಲ್ಯೂ ಎರರ್ ಬರುತ್ತದೆ. ತಪ್ಪು ಇನ್‌ಪುಟ್ ಹಿಡಿಯಲು ಆ ಎರರನ್ನೇ ನೆಚ್ಚಿಕೊಂಡಿದ್ದ ಕೋಡ್‌ಗೆ ಇದು ನಿಜವಾದ ಬದಲಾವಣೆ. ಇಲ್ಲಿ ಪೈಥಾನ್ ಸ್ವಲ್ಪ ಧಾರಾಳವಾಯಿತು ಅಂತ ನನ್ನ ಅಭಿಪ್ರಾಯ.

ನಮ್ಮ ಲಕ್ಷದ ಲೆಕ್ಕಕ್ಕೆ ಇದರಲ್ಲಿ ಒಂದು ಒಳ್ಳೆಯದು, ಒಂದು ಕೊರತೆ. ಎಷ್ಟು ಅಂಕಿಗೊಂದು ಅಂಡರ್‌ಸ್ಕೋರ್ ಅಂತ ಈ ಭಾಷೆಗಳು ಕೇಳುವುದಿಲ್ಲ. 1_25_000 ಆದರೂ ಸರಿ, 125_000 ಆದರೂ ಸರಿ. ಪೈಥಾನ್‌ನಲ್ಲಿ ಎರಡು ಅಂಡರ್‌ಸ್ಕೋರ್ ಒಟ್ಟಿಗೆ ಬರಬಾರದು, ಸಂಖ್ಯೆಯ ಕೊನೆಯಲ್ಲಿ ಬರಬಾರದು, ಅಷ್ಟೇ. ಆದರೆ ವಾಪಸ್ ಮುದ್ರಿಸುವಾಗ ಪೈಥಾನ್‌ನ ಫಾರ್ಮ್ಯಾಟ್‌ಗೆ ಅಲ್ಪವಿರಾಮ ಹಾಕು ಅಂದರೆ ಮೂರು ಮೂರು ಅಂಕಿಗೇ ಬಿಡಿಸುತ್ತದೆ. 125,000 ಅಂತ ಬರುತ್ತದೆ, 1,25,000 ಬೇಕಾದರೆ ಬೇರೆ ದಾರಿ ಹಿಡಿಯಬೇಕು.

ಇನ್ನು ನಿಮ್ಮ ಎಕ್ಸ್‌ಪಿ ಯಂತ್ರಕ್ಕೆ. ದೊಡ್ಡ ಮೊತ್ತಗಳನ್ನೆಲ್ಲ ಫೈಲಿನ ತಲೆಯಲ್ಲಿ ಒಂದೇ ಕಡೆ ಹೆಸರಿಟ್ಟು ಬರೆದುಕೊಳ್ಳಿ. ಲಕ್ಷ = 100000 ಅಂತ ಒಮ್ಮೆ ಸೊನ್ನೆ ಎಣಿಸಿ ಬರೆದುಬಿಟ್ಟರೆ, ಆಮೇಲೆ 1 * ಲಕ್ಷ + 25 * 1000 ಅಂತ ಬರೆಯಬಹುದು. ಪೈಥಾನ್ 3.4 ಅದನ್ನು ತಕರಾರಿಲ್ಲದೆ ಓಡಿಸುತ್ತದೆ, ನಿಮ್ಮ ಲ್ಯಾಪ್‌ಟಾಪೂ ಓಡಿಸುತ್ತದೆ.