ಕಡಲಾಮೆಯ ಮೂಗು, ಹಿಂದಿನ ಬೆಂಚಿನ ನಗು

2015ರಲ್ಲಿ ಕೋಸ್ಟರಿಕಾದ ಕಡಲಲ್ಲಿ ಚಿತ್ರೀಕರಿಸಿದ ವಿಡಿಯೊ ಒಂದರಲ್ಲಿ, ಆಲಿವ್ ರಿಡ್ಲೆ ಆಮೆಯ ಮೂಗಿನ ಹೊಳ್ಳೆಯೊಳಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಸ್ಟ್ರಾವನ್ನು ಸಂಶೋಧಕರು ಇಕ್ಕಳದಿಂದ ಹೊರಗೆಳೆಯುತ್ತಾರೆ. ಆಮೆಯ ಮೂಗಿನಿಂದ ರಕ್ತ ಇಳಿಯುತ್ತದೆ. ನಮ್ಮ ಹೊನ್ನಾವರದ ಮರಳಿಗೆ ಮೊಟ್ಟೆಯಿಡಲು ಬರುವುದೂ ಇದೇ ಜಾತಿಯ ಆಮೆ. ಇದನ್ನು ಒಂಬತ್ತನೇ ತರಗತಿಯಲ್ಲಿ ತೋರಿಸಿದರೆ ಒಬ್ಬಳು ಕಣ್ಣೊರೆಸಿಕೊಳ್ಳಬಹುದು, ಇನ್ನೊಬ್ಬ ‘ನಾನೊಬ್ಬ ಸ್ಟ್ರಾ ಬಿಟ್ಟರೆ ಏನಾದೀತು’ ಎನ್ನಬಹುದು, ಹಿಂದಿನ ಬೆಂಚಿನವನು ಕಿಸಕ್ಕನೆ ನಗಬಹುದು. ನಕ್ಕವನಿಗೆ ಕರುಣೆಯಿಲ್ಲವೆಂದು ನಾನು ಒಪ್ಪಲಾರೆ. ಸಂಕಟವನ್ನು ಗೆಳೆಯರೆದುರು ತೋರಿಸಿಕೊಳ್ಳಲಾಗದೆ ನಗೆಯ ಮರೆಗೆ ಸರಿಯುವುದು ಆ ವಯಸ್ಸಿನ ರೂಢಿ.

ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ 1990ರಲ್ಲಿ ‘ಭಾವನಾತ್ಮಕ ಬುದ್ಧಿಮತ್ತೆ’ ಎಂದು ವಿವರಿಸಿದ್ದು ಕರುಣೆಯನ್ನಲ್ಲ, ತನ್ನ ಮತ್ತು ಇತರರ ಭಾವನೆಗಳನ್ನು ಗುರುತಿಸಿ, ಬೇರ್ಪಡಿಸಿ, ಆಲೋಚನೆಗೆ ದಾರಿ ತೋರಲು ಬಳಸಿಕೊಳ್ಳುವ ಸಾಮರ್ಥ್ಯವನ್ನು. ಹದಿಹರೆಯದಲ್ಲಿ ಭಾವನೆಗಳನ್ನು ಕೆರಳಿಸುವ ಮಿದುಳಿನ ಭಾಗಗಳು ಬೇಗ ಚುರುಕಾಗುತ್ತವೆ, ಅವುಗಳಿಗೆ ಲಗಾಮು ಹಾಕಬೇಕಾದ ಮುಂಭಾಗವಾದರೋ ಇಪ್ಪತ್ತು ದಾಟಿದರೂ ಬೆಳೆಯುತ್ತಲೇ ಇರುತ್ತದೆ.

ಆತಂಕಕ್ಕಂತೂ ಕೊರತೆಯಿಲ್ಲ. ಭಾರತವೂ ಸೇರಿದಂತೆ 10 ದೇಶಗಳ, 16ರಿಂದ 25 ವಯಸ್ಸಿನ 10,000 ಯುವಜನರನ್ನು ಕೇಳಿದ 2021ರ ಸಮೀಕ್ಷೆಯಲ್ಲಿ ಶೇ 59ರಷ್ಟು ಮಂದಿ ಹವಾಮಾನ ಬದಲಾವಣೆಯ ಬಗ್ಗೆ ತೀವ್ರ ಚಿಂತೆಯಲ್ಲಿದ್ದರು. ಈ ಚಿಂತೆ ಎತ್ತ ಹರಿಯುತ್ತದೆ ಎಂಬುದನ್ನು ಸ್ವೀಡನ್ನಿನ ಮನಶ್ಶಾಸ್ತ್ರಜ್ಞೆ ಮರಿಯಾ ಓಯಾಲಾ 12 ವರ್ಷದ ಮಕ್ಕಳಲ್ಲಿ ಪರಿಶೀಲಿಸಿದರು. ‘ಅಷ್ಟೇನೂ ಆಗಿಲ್ಲ ಬಿಡಿ’ ಎಂದು ತಳ್ಳಿಹಾಕುವವರು ಪರಿಸರದ ಕೆಲಸಕ್ಕೆ ಅಷ್ಟಾಗಿ ಮುಂದಾಗುತ್ತಿರಲಿಲ್ಲ. ತಾವೇ ಪರಿಹಾರ ಹುಡುಕಲು ಹೊರಟವರು ಮುಂದಾದರೂ, ಅವರಲ್ಲಿ ದುಗುಡವೂ ಹೆಚ್ಚಿತ್ತು. ಇಡೀ ಭೂಮಿಯ ಭಾರವನ್ನು ಒಂದು ಎಳೆಯ ಹೆಗಲಿಗೇರಿಸಿದರೆ ಆಗುವುದು ಅದೇ ತಾನೇ? ಅಪಾಯವನ್ನು ಒಪ್ಪಿಕೊಂಡೇ, ಇತರರೂ ದುಡಿಯುತ್ತಿದ್ದಾರೆಂಬ ವಿಶ್ವಾಸದಲ್ಲಿ ಅರ್ಥ ಕಂಡುಕೊಂಡವರಲ್ಲಿ ಮಾತ್ರ ಕೆಲಸವೂ ನೆಮ್ಮದಿಯೂ ಜೊತೆಯಾಗಿದ್ದವು. ಇಂಥ ಅಧ್ಯಯನಗಳು ಬಹುಮಟ್ಟಿಗೆ ಮಕ್ಕಳು ತಮ್ಮ ಬಗ್ಗೆ ತಾವೇ ತುಂಬಿದ ಪ್ರಶ್ನಾವಳಿಗಳನ್ನು ನೆಚ್ಚಿಕೊಂಡಿರುವುದರಿಂದ, ಯಾವುದು ಕಾರಣ, ಯಾವುದು ಪರಿಣಾಮ ಎಂದು ಖಚಿತವಾಗಿ ಹೇಳಲಾಗದು.

ಮನೆಯೊಳಗೆ ನಡೆದ ಒಂದು ಪ್ರಯೋಗ ಇದಕ್ಕಿಂತ ಗಟ್ಟಿಯಾದದ್ದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 10ರಿಂದ 14 ವಯಸ್ಸಿನ ವಿದ್ಯಾರ್ಥಿಗಳು ಹವಾಮಾನದ ಪಾಠ ಕಲಿತು ಹೆತ್ತವರನ್ನೇ ಸಂದರ್ಶಿಸಿದರು. 2019ರಲ್ಲಿ ಫಲಿತಾಂಶ ಪ್ರಕಟವಾದಾಗ, ಹವಾಮಾನದ ಬಗ್ಗೆ ಕಾಳಜಿ ಹೆಚ್ಚು ಬೆಳೆದದ್ದು ರಾಜಕೀಯವಾಗಿ ಸಂಪ್ರದಾಯವಾದಿಗಳಾದ ಹೆತ್ತವರಲ್ಲಿ ಮತ್ತು ತಂದೆಯಂದಿರಲ್ಲಿ ಎಂದು ತಿಳಿಯಿತು. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳು ಕೇಳಿದ ಪ್ರಶ್ನೆಗಳೇ ಹೆಚ್ಚು ನಾಟಿದ್ದವು.