"ಸರ್, ಇವ್ರು ಎನ್‌ಬಿಎನೇ ಆಡಿಲ್ವಲ್ಲಾ?"

ಬಾಸ್ಕೆಟ್‌ಬಾಲ್ ಪ್ರಾಕ್ಟೀಸ್ ಮುಗಿದು ನಾನು ಕಲಿಸುವ ಹುಡುಗರು ಶೂ ಬಿಚ್ಚುತ್ತಾ ಕೂತರೆ ಏನಾದರೊಂದು ಜಗಳ ಶುರುವಾಗುತ್ತದೆ. ಹೆಚ್ಚಾಗಿ ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಲೀಗ್, ಆಡಿದವರಲ್ಲಿ ಜೋರ್ಡನ್ ದೊಡ್ಡವನಾ ಲೆಬ್ರಾನ್ ದೊಡ್ಡವನಾ ಅನ್ನೋ ಹಳೇ ಜಗಳವೇ. ಹೋದ ವಾರ ಬಾಯಿ ಸುಮ್ನಿರದೆ ನಾನೂ ಒಂದು ಹೆಸರು ಹೇಳಿದೆ, ಬ್ರೆಜಿಲ್‌ನ ಆಸ್ಕರ್ ಶ್ಮಿಟ್ ಅಂತ. ಒಬ್ಬ ತಕ್ಷಣ ಫೋನ್ ತೆಗೆದು ಹುಡುಕಿ, "ಸರ್, ಇವ್ರು ಎನ್‌ಬಿಎನೇ ಆಡಿಲ್ವಲ್ಲಾ?" ಅಂದ. ಉಳಿದವರೆಲ್ಲ ನಕ್ಕರು. ಅಲ್ಲಿಗೆ ನನ್ನ ಆಟಗಾರ ಔಟ್.

ಅವತ್ತು ಕತ್ತಲಾಗಿತ್ತು, ಗೇಟ್ ಹಾಕಬೇಕಿತ್ತು. ಉತ್ತರ ಅಲ್ಲಿ ಮುಗಿಯಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಆಡಿಲ್ಲ ಅನ್ನೋದು ನಿಜ. ಕರೆದಿರಲಿಲ್ಲ ಅನ್ನೋದು ಸುಳ್ಳು. 1984ರ ಎನ್‌ಬಿಎ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು), ಅಂದರೆ ಜೋರ್ಡನ್, ಬಾರ್ಕ್ಲಿ, ಸ್ಟಾಕ್ಟನ್ ಬಂದ ಅದೇ ಡ್ರಾಫ್ಟ್‌ನಲ್ಲಿ, ನ್ಯೂಜೆರ್ಸಿ ನೆಟ್ಸ್ ತಂಡ ಆರನೇ ಸುತ್ತಿನಲ್ಲಿ ಆಸ್ಕರ್ ಅವರನ್ನು ಆರಿಸಿಕೊಂಡಿತ್ತು, 131ನೇ ಆಯ್ಕೆಯಾಗಿ. ಅವರು ಹೋಗಲಿಲ್ಲ. ಆಗಿನ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಎನ್‌ಬಿಎ ಆಡಿದವನು 'ವೃತ್ತಿಪರ' ಆಗಿಬಿಡುತ್ತಿದ್ದ, ಮತ್ತೆ ದೇಶದ ತಂಡದ ಜೆರ್ಸಿ ಹಾಕುವ ಹಾಗಿರಲಿಲ್ಲ. ತಮಾಷೆ ನೋಡಿ, ಅದೇ ಹೊತ್ತಿಗೆ ಇಟಲಿಯ ಕ್ಲಬ್‌ನಲ್ಲಿ ಸಂಬಳ ತಗೊಂಡು ಆಡುವವನು ಮಾತ್ರ ಹವ್ಯಾಸಿ! ಆಸ್ಕರ್ 1982ರಿಂದಲೇ ನೇಪಲ್ಸ್ ಪಕ್ಕದ ಕಸೆರ್ಟಾ ಊರಿನ ತಂಡಕ್ಕೆ ಆಡುತ್ತಿದ್ದರು. ಅಲ್ಲೇ ಉಳಿದರೆ ಬ್ರೆಜಿಲ್‌ಗೂ ಆಡಬಹುದು, ಅಮೆರಿಕಕ್ಕೆ ಹೋದರೆ ಇಲ್ಲ. ಅವರು ಬ್ರೆಜಿಲ್ ಆರಿಸಿಕೊಂಡರು. ಆ ನಿಯಮ ತೆಗೆದಿದ್ದು 1989ರಲ್ಲಿ. ಅಷ್ಟರಲ್ಲಿ ಅವರಿಗೆ 31 ವರ್ಷ.

ಇದನ್ನು ದೇಶಭಕ್ತಿಯ ಕಥೆ ಮಾಡಿ ಹೇಳುವವರು ತುಂಬ ಜನ. ನನಗೆ ಅದಕ್ಕಿಂತ ಕೆಲಸಕ್ಕೆ ಬರುವುದು ಬೇರೆ ಒಂದು ವಿಷಯ, ಮೂರು ಪಾಯಿಂಟ್ ಗೆರೆ. ಅದರ ಹೊರಗಿನಿಂದ ಹೊಡೆದದ್ದು ಬಿದ್ದರೆ ಎರಡರ ಬದಲು ಮೂರು ಪಾಯಿಂಟ್.

ಅಂತರರಾಷ್ಟ್ರೀಯ ಆಟಕ್ಕೆ ಆ ಗೆರೆ ಬಂದಿದ್ದು 1984ರ ಒಲಿಂಪಿಕ್ಸ್ ಮುಗಿದ ಮೇಲೆ, 6.25 ಮೀಟರ್ ದೂರದಲ್ಲಿ. (ಈಗ ನಮ್ಮ ಕೋರ್ಟ್‌ಗಳಲ್ಲಿ ಎಳೆಯುವುದು 6.75.) ಆಸ್ಕರ್ ಹೇಗೂ ದೂರದಿಂದಲೇ ಹೊಡೆಯುತ್ತಿದ್ದವರು. 2.05 ಮೀಟರ್ ಎತ್ತರದ ಆಳು. ಅಷ್ಟೆತ್ತರದವರನ್ನು ಕೋಚ್‌ಗಳು ರಿಂಗ್ ಕೆಳಗೆ ನಿಲ್ಲಿಸಿ ರಿಬೌಂಡ್ (ಬೀಳದೆ ಪುಟಿದ ಚೆಂಡು) ಹಿಡಿ ಅಂತ ಬಿಟ್ಟುಬಿಡುತ್ತಾರೆ. ನಾನೂ ಅದನ್ನೇ ಮಾಡಿದ್ದೇನೆ, ಇಬ್ಬರು ಒಳ್ಳೇ ಹುಡುಗರ ಶೂಟಿಂಗ್ ಹಾಗೇ ಹಾಳಾಯಿತು, ಆ ವಿಷಯ ಇನ್ನೊಂದು ದಿನ. ಆಸ್ಕರ್ ಹೊರಗೆ ಬಂದು ನಿಂತರು. ಅವರ ಎದುರು ನಿಂತ ಗಾರ್ಡ್ (ಹೊರಗೆ ಆಡುವ ಆಟಗಾರ) ಕುಳ್ಳ, ಎಷ್ಟು ಹಾರಿದರೂ ಕೈ ಎಟುಕುವುದಿಲ್ಲ. ಎತ್ತರದವನನ್ನು ಕಳಿಸಿದರೆ ಅವನಿಗೆ ಅಷ್ಟು ದೂರ ಬಂದು ಕಾಯುವ ಅಭ್ಯಾಸವೇ ಇಲ್ಲ.

ಇದರ ಬೆಲೆ ಜಗತ್ತಿಗೆ ಗೊತ್ತಾಗಿದ್ದು 1987ರ ಆಗಸ್ಟ್ 23ರಂದು, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ. ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಫೈನಲ್. ಎದುರಿಗೆ ಡೇವಿಡ್ ರಾಬಿನ್ಸನ್, ಡ್ಯಾನಿ ಮ್ಯಾನಿಂಗ್ ಇದ್ದ ಅಮೆರಿಕದ ಕಾಲೇಜು ಹುಡುಗರ ತಂಡ. ಅರ್ಧ ಆಟಕ್ಕೆ ಅಮೆರಿಕ 68, ಬ್ರೆಜಿಲ್ 54. ಇಂಥ ಹೊತ್ತಿನಲ್ಲಿ ಸಾಮಾನ್ಯ ಕೋಚ್ ಏನು ಹೇಳುತ್ತಾನೆ? ನಿಧಾನ ಮಾಡಿ, ಹತ್ತಿರದಿಂದ ಹೊಡೆಯಿರಿ, ಹೆಚ್ಚು ಅಂತರದಲ್ಲಿ ಸೋತು ಮರ್ಯಾದೆ ಕಳ್ಕೋಬೇಡಿ ಅಂತ. ಬ್ರೆಜಿಲ್ ಉಲ್ಟಾ ಮಾಡಿತು. ಆಸ್ಕರ್ ಮತ್ತು ಮಾರ್ಸೆಲ್ ಡಿ ಸೋಜಾ ಇಬ್ಬರೂ ಗೆರೆಯ ಹೊರಗಿನಿಂದ ಹೊಡೆಯುತ್ತಲೇ ಹೋದರು. ಎರಡನೇ ಅರ್ಧದಲ್ಲಿ ಬ್ರೆಜಿಲ್‌ಗೆ 66 ಪಾಯಿಂಟ್. ಅದರಲ್ಲಿ 55 ಈ ಇಬ್ಬರದೇ. ಕೊನೆಗೆ 120-115. ಆಸ್ಕರ್ ಒಬ್ಬರದೇ 46. ಆಟ ಮುಗಿದಾಗ ಅವರು ನೆಲಕ್ಕೆ ಬಿದ್ದು ಅಳುತ್ತಿದ್ದರು.

ಅದೃಷ್ಟ ಅಂತ ಆಗ ಹೇಳಿದವರಿದ್ದರು. ಲೆಕ್ಕ ಹಾಕಿ. ಹತ್ತಿರದಿಂದ 10 ಹೊಡೆದು 5 ಬಿದ್ದರೆ 10 ಪಾಯಿಂಟ್. ಗೆರೆಯ ಹೊರಗಿನಿಂದ 10ಕ್ಕೆ ಬರೀ 4 ಬಿದ್ದರೂ 12. ಇವತ್ತು ಎನ್‌ಬಿಎ ಪೂರ್ತಿ ನಡೆಯುತ್ತಿರುವುದು ಈ ಕೂಡು-ಕಳೆಯುವ ಲೆಕ್ಕದ ಮೇಲೆಯೇ ಅಲ್ವಾ? ಅಮೆರಿಕದ ಕಾಲೇಜು ಆಟದಲ್ಲಿ ಎಲ್ಲ ಕಡೆ ಆ ಗೆರೆ ಬಂದು ಆಗಿನ್ನೂ ಒಂದೇ ಸೀಸನ್ ಆಗಿತ್ತು. ಬ್ರೆಜಿಲ್‌ನವರು ಅದರ ಬೆಲೆಯನ್ನು ಮೊದಲೇ ಅರ್ಥ ಮಾಡಿಕೊಂಡಿದ್ದರು.

ಆದರೆ ಲೆಕ್ಕ ಗೊತ್ತಿದ್ದರೆ ಸಾಲದು, 10ಕ್ಕೆ 4 ಬೀಳಬೇಕಲ್ಲ. ಆಸ್ಕರ್‌ಗೆ ಬ್ರೆಜಿಲ್‌ನಲ್ಲಿ 'ಮಾವ್ ಸಾಂತಾ' ಅಂತ ಅಡ್ಡಹೆಸರು, ಪವಿತ್ರ ಕೈ ಅಂತ ಅರ್ಥ. ಅವರು ಅದನ್ನು ಒಪ್ಪುತ್ತಿರಲಿಲ್ಲ, ಪವಿತ್ರವೂ ಇಲ್ಲ ಏನೂ ಇಲ್ಲ, ಇದು ಪಳಗಿದ ಕೈ ಅನ್ನುತ್ತಿದ್ದರು. ತಂಡದ ಪ್ರಾಕ್ಟೀಸ್ ಮುಗಿದ ಮೇಲೂ ನೂರಾರು ಶಾಟ್ ಹೊಡೆಯುವುದು, ಹೆಂಡತಿ ಚೆಂಡು ಹಿಡಿದು ವಾಪಸ್ ಪಾಸ್ ಮಾಡುವುದು, ಹೀಗೆ ವರ್ಷಗಟ್ಟಲೆ.

ನಮ್ಮ ಮಕ್ಕಳು ಇಲ್ಲೇ ಎಡವುತ್ತಾರೆ. ಶೂಟಿಂಗ್ ಅಂದರೆ ತೋಳಿನ ಬಲ ಅಂದುಕೊಂಡು ಚೆಂಡನ್ನು ಕಲ್ಲು ಎಸೆದ ಹಾಗೆ ನೇರ ಎಸೆಯುತ್ತಾರೆ. ರಿಂಗ್‌ನ ಅಗಲ 45 ಸೆಂಟಿಮೀಟರ್, ಚೆಂಡು ಸುಮಾರು 24. ಚೆಂಡು 45 ಡಿಗ್ರಿಯಲ್ಲಿ ಇಳಿದು ಬಂದರೆ ಅದರ ಪಾಲಿಗೆ ರಿಂಗ್ ಸುಮಾರು 32 ಸೆಂಟಿಮೀಟರ್ ಬಾಯಿ ತೆರೆದಿರುತ್ತದೆ. 30 ಡಿಗ್ರಿಯಲ್ಲಿ ಚಪ್ಪಟೆಯಾಗಿ ಬಂದರೆ ಆ ಬಾಯಿ 22.5ಕ್ಕೆ ಇಳಿಯುತ್ತದೆ, ಅಂದರೆ ಚೆಂಡಿಗಿಂತ ಸಣ್ಣದು. ಕಬ್ಬಿಣಕ್ಕೆ ಬಡಿಯದೆ ಒಳಗೆ ಹೋಗುವುದಕ್ಕೆ ಸಾಧ್ಯವೇ ಇಲ್ಲ. ಕಮಾನು ಬರಬೇಕಾದರೆ ಬಲ ಮೊಣಕಾಲಿಂದ ಬರಬೇಕು, ಚೆಂಡನ್ನು ತಲೆಗಿಂತ ಮೇಲೆ ಬಿಡಬೇಕು, ಕೊನೆಯಲ್ಲಿ ಮಣಿಕಟ್ಟು ಬಗ್ಗಬೇಕು. ದಣಿದಾಗಲೂ ಇದೆಲ್ಲ ಹೀಗೇ ಆಗಬೇಕು, ಹಾಗಾಗಿಯೇ ಆ ನೂರಾರು ಶಾಟ್‌ಗಳು ಪ್ರಾಕ್ಟೀಸ್ ಆದ ಮೇಲೆ, ಕಾಲು ಸೋತಿರುವಾಗ.

ಇಷ್ಟು ಹೊಗಳಿ ಇನ್ನೊಂದು ಮುಖ ಮುಚ್ಚಿಟ್ಟರೆ ಹುಡುಗರು ನನ್ನನ್ನು ಬಿಡುವುದಿಲ್ಲ. ಆಸ್ಕರ್ ಡಿಫೆನ್ಸ್ ಕಡೆ ಜಾಸ್ತಿ ತಲೆ ಕೆಡಿಸಿಕೊಂಡವರಲ್ಲ. 1980ರಿಂದ 1996ರವರೆಗೆ ಐದು ಒಲಿಂಪಿಕ್ಸ್ ಆಡಿದರು, ಒಟ್ಟು 1,093 ಪಾಯಿಂಟ್. 1988ರ ಸೋಲ್‌ನಲ್ಲಂತೂ ಎಂಟು ಪಂದ್ಯಕ್ಕೆ 338, ಅಂದರೆ ಪಂದ್ಯಕ್ಕೆ 42ರ ಮೇಲೆ. ಆದರೂ ಪದಕ ಒಂದೂ ಇಲ್ಲ. ಬ್ರೆಜಿಲ್ ಮೂರು ಸಲ ಐದನೇ ಸ್ಥಾನಕ್ಕೇ ನಿಂತಿತು. (ಭಾರತ ತಂಡ ಒಲಿಂಪಿಕ್ಸ್ ಬಾಸ್ಕೆಟ್‌ಬಾಲ್ ಆಡಿದ ಒಂದೇ ಒಂದು ಸಲ ಅಂದರೆ ಅದೇ 1980ರ ಮಾಸ್ಕೋ, ಆಸ್ಕರ್‌ಗೂ ಅದೇ ಮೊದಲನೆಯದು. ನಾವು 12ಕ್ಕೆ 12ನೆಯವರಾಗಿ ಬಂದೆವು, ಬಿಡಿ.)

ಕ್ಲಬ್ ಆಟದಲ್ಲೂ ಇದೇ ಹಣೆಬರಹ. 1989ರಲ್ಲಿ ಅಥೆನ್ಸ್‌ನಲ್ಲಿ ಯುರೋಪಿನ ಕ್ಲಬ್‌ಗಳ ಕಪ್ ವಿನ್ನರ್ಸ್ ಕಪ್ ಫೈನಲ್, ಕಸೆರ್ಟಾ ಎದುರು ರಿಯಲ್ ಮ್ಯಾಡ್ರಿಡ್. ಆಸ್ಕರ್ 44 ಹೊಡೆದರು. ಆ ಕಡೆ ಡ್ರಾಝೆನ್ ಪೆಟ್ರೊವಿಚ್ 62 ಹೊಡೆದ. ಓವರ್‌ಟೈಮ್‌ನಲ್ಲಿ 117-113, ಮ್ಯಾಡ್ರಿಡ್ ಗೆದ್ದಿತು. 1990ರಲ್ಲಿ ಆಸ್ಕರ್ ಕಸೆರ್ಟಾ ಬಿಟ್ಟರು. ಮರುವರ್ಷವೇ ಕಸೆರ್ಟಾ ಇಟಲಿಯ ಲೀಗ್ ಗೆದ್ದಿತು! ಅವರಿದ್ದಿದ್ದಕ್ಕೇ ಅಷ್ಟು ವರ್ಷ ಗೆಲ್ಲಲಿಲ್ಲ ಅನ್ನುವವರಿದ್ದಾರೆ. ಒಬ್ಬನೇ ಎಲ್ಲ ಚೆಂಡು ಹೊಡೆಯುವ ತಂಡದಲ್ಲಿ ಉಳಿದವರು ಬೆಳೆಯುವುದಿಲ್ಲ ಅನ್ನೋದು ನಿಜ, ನನ್ನ ತಂಡದಲ್ಲೂ ನೋಡಿದ್ದೇನೆ. ಆದರೆ ಒಬ್ಬರ ಶಾಟ್ ಕಾಯಲು ಎದುರಿನವರು ಇಬ್ಬರನ್ನು ಕಳಿಸುತ್ತಿದ್ದರು ಅಂದರೆ ಆ ಒಬ್ಬರು ಏನೋ ಸರಿಯಾಗಿ ಮಾಡುತ್ತಿದ್ದರು ತಾನೇ.

ಆಮೇಲೆ ಇಟಲಿಯದೇ ಪಾವಿಯಾ, ಸ್ಪೇನ್‌ನ ವಯಾದೊಲಿದ್, ವಾಪಸ್ ಬ್ರೆಜಿಲ್‌ಗೆ ಬಂದು ಕೊರಿಂಥಿಯಾನ್ಸ್, ಕೊನೆಗೆ ಫ್ಲಮೆಂಗೊ. ನಿವೃತ್ತಿ 2003ರಲ್ಲಿ, 45ನೇ ವಯಸ್ಸಿಗೆ. ಕ್ಲಬ್, ದೇಶ ಎರಡೂ ಸೇರಿ ಒಟ್ಟು 49,737 ಪಾಯಿಂಟ್ ಅಂತ ಲೆಕ್ಕ. ಈ ಸಂಖ್ಯೆಯನ್ನು ಎನ್‌ಬಿಎ ಸಂಖ್ಯೆಯ ಪಕ್ಕ ಇಟ್ಟು ಯಾರು ದೊಡ್ಡವರು ಅಂತ ಜಗಳ ಆಡಬೇಡಿ. ಲೀಗ್ ಬೇರೆ, ನಿಯಮ ಬೇರೆ, ಎದುರಾಳಿಗಳು ಬೇರೆ. 2013ರಲ್ಲಿ ಬಾಸ್ಕೆಟ್‌ಬಾಲ್ ದಿಗ್ಗಜರನ್ನು ಗೌರವಿಸುವ ಅಮೆರಿಕದ ನೈಸ್ಮಿತ್ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿದಾಗ ವೇದಿಕೆಯಲ್ಲಿ ಜೊತೆಗೆ ನಿಂತವರು ಎನ್‌ಬಿಎಯ ದೊಡ್ಡ ಆಟಗಾರ ಲ್ಯಾರಿ ಬರ್ಡ್. ಇಟಲಿಯಲ್ಲಿ ಬೆಳೆದ ಎನ್‌ಬಿಎ ತಾರೆ ಕೋಬಿ ಬ್ರಯಂಟ್‌ಗೆ ಚಿಕ್ಕಂದಿನಲ್ಲಿ ಇವರೇ ಹೀರೋ.

ಕೋಬಿ ವಿಷಯ ಕೇಳಿದ ಮೇಲೆ ಫೋನ್ ಹಿಡಿದಿದ್ದ ಹುಡುಗ ಸ್ವಲ್ಪ ಮೆತ್ತಗಾದ. ನಿನ್ನೆ ಬಂದವನೇ ನೇರ 6.75ರ ಗೆರೆಗೆ ಹೋಗಿ ನಿಂತ. ಇಪ್ಪತ್ತು ಎಸೆದ, ಎರಡು ಬಿತ್ತು, ಎರಡೂ ಬೋರ್ಡ್‌ಗೆ ಬಡಿದು. ಕೈ ಹಿಡಿದು ಕರ್ಕೊಂಡು ಬಂದು ಫ್ರೀ ಥ್ರೋ ಗೆರೆಗಿಂತಲೂ ಎರಡು ಹೆಜ್ಜೆ ಮುಂದೆ ನಿಲ್ಲಿಸಿದ್ದೇನೆ. ಮುಖ ಊದಿಸಿಕೊಂಡಿದ್ದಾನೆ. ಅಲ್ಲಿಂದ 50 ಬೀಳುವವರೆಗೆ ಹಿಂದೆ ಹೋಗುವ ಹಾಗಿಲ್ಲ, ಚೆಂಡು ಹಿಡಿದು ವಾಪಸ್ ಕೊಡುವುದಕ್ಕೆ ನಾನಿದ್ದೇನೆ.